ಅಳತೆ ಸರಿ, ಸರಕು ಬೇರೆ

ಲೆಕ್ಕವು ಮನುಷ್ಯನಿಗೆ ದಾರಿ ತೋರಿಸುವುದುಂಟು. ಸರಿಯಾದ ಲೆಕ್ಕವೇ ಅವನನ್ನು ತಪ್ಪು ದಾರಿಗೆ ಒಯ್ಯುವುದೂ ಉಂಟು. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಪ್ರಾಂಗಣದಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸುವ ವರ್ತಕರೊಬ್ಬರ ವಿಷಯದಲ್ಲಿ 2025ನೆಯ ಇಸವಿಯಲ್ಲಿ ನಡೆದುದು ಈ ಎರಡನೆಯ ಬಗೆಯದು.

ಈ ವರ್ತಕರಿಗೆ ಅರವತ್ತು ದಾಟಿದೆ. ಅಂಗಡಿಯ ಕಿರ್ದಿ, ಖತಾವಣಿಗಳನ್ನು ಗುಮಾಸ್ತರು ಕಂಪ್ಯೂಟರಿನಲ್ಲಿ ಬರೆಯತೊಡಗಿ ವರ್ಷಗಳೇ ಕಳೆದಿವೆ. ಆದರೂ ತಮ್ಮ ಸ್ವಂತ ಕಾರಿನ ಪೆಟ್ರೋಲಿನ ಲೆಕ್ಕವನ್ನು ಮಾತ್ರ ಅವರು ಕೆಂಪು ರಟ್ಟಿನ ವಹಿಯೊಂದರಲ್ಲಿ ಕೈಯಾರೆ ಬರೆದಿಡುತ್ತಾರೆ. ದಿನಾಂಕ, ಕಾರು ಓಡಿದ ಕಿಲೋಮೀಟರು, ಹಾಕಿಸಿದ ಲೀಟರು, ಕೊಟ್ಟ ಹಣ, ಇಷ್ಟೇ. ಕಾರು 2011ರಲ್ಲಿ ಕೊಂಡದ್ದು. ಅದನ್ನು ನಡೆಸುವ ಚಾಲಕನು ಅದಕ್ಕೂ ಮೂರು ವರ್ಷ ಮೊದಲೇ ಅವರಲ್ಲಿ ಕೆಲಸಕ್ಕೆ ಸೇರಿದವನು. ಗದಗ, ಹಾವೇರಿಗಳ ಮಾರುಕಟ್ಟೆಗಳಿಗೆ ಹೋಗಿಬರುವುದು, ಬ್ಯಾಂಕು, ಗೋದಾಮು, ಮದುವೆ ಮುಂಜಿ ಎಲ್ಲವೂ ಸೇರಿ ತಿಂಗಳಿಗೆ ಸುಮಾರು 1,500 ಕಿಲೋಮೀಟರುಗಳ ಓಡಾಟ. ಪೆಟ್ರೋಲಿನ ಹಣವೂ ತೊಟ್ಟಿಯ ಮುಚ್ಚಳದ ಕೀಲಿಯೂ ಹದಿನೇಳು ವರ್ಷ ಚಾಲಕನ ಕೈಯಲ್ಲಿಯೇ ಇದ್ದವು.

ಆ ವರ್ಷದ ಜುಲೈ ತಿಂಗಳಿನಲ್ಲಿ ಒಂದು ಸಂಜೆ ವರ್ತಕರು ವಹಿಯ ಹಳೆಯ ಪುಟಗಳನ್ನು ಹೊಸ ಪುಟಗಳೊಡನೆ ಹೋಲಿಸಿ ನೋಡಿದರು. 2019ರಲ್ಲಿ ಕಾರು ಲೀಟರಿಗೆ ಸರಾಸರಿ 15.4 ಕಿಲೋಮೀಟರು ಓಡಿತ್ತು. 2022ರ ಕೊನೆಗೆ ಅದು 15.1ಕ್ಕೆ ಇಳಿದಿತ್ತು, ಕಾರಿಗೆ ವಯಸ್ಸಾಯಿತೆಂದು ಅವರು ಅದನ್ನು ಗಣಿಸಿರಲಿಲ್ಲ. 2025ರ ಮೊದಲ ಆರು ತಿಂಗಳಲ್ಲಿ ಅದು 14.6ಕ್ಕೆ ಬಂದಿತ್ತು. ಹಿಂದೆ ತಿಂಗಳಿಗೆ 97 ಲೀಟರಿನಲ್ಲಿ ಮುಗಿಯುತ್ತಿದ್ದ ಓಡಾಟಕ್ಕೆ ಈಗ 102 ಲೀಟರಿಗಿಂತ ಹೆಚ್ಚು ಬೇಕಾಗುತ್ತಿತ್ತು. ವ್ಯತ್ಯಾಸ ಐದು ಲೀಟರು.

ಐದು ಎಂಬ ಆ ಅಂಕಿಯೇ ಅನರ್ಥಕ್ಕೆ ಮೂಲವಾಯಿತು. ಮೂರೂವರೆ ಲೀಟರೋ ಆರೂಕಾಲು ಲೀಟರೋ ಆಗಿದ್ದರೆ ಅವರ ಮನಸ್ಸು ಬೇರೆ ಕಡೆಗೆ ಹರಿಯುತ್ತಿತ್ತೋ ಏನೋ. ಐದು ಲೀಟರೆಂದರೆ ಒಂದು ಪ್ಲಾಸ್ಟಿಕ್ ಕ್ಯಾನು. ತಿಂಗಳಿಗೊಂದು ಕ್ಯಾನು ತುಂಬಿ ಹೋಗುತ್ತಿದೆ ಎಂಬ ಚಿತ್ರವು ಅವರ ಕಣ್ಣಮುಂದೆ ತಾನಾಗಿ ಕಟ್ಟಿ ನಿಂತಿತು. ಆ ಕ್ಯಾನನ್ನು ಹಿಡಿದ ಕೈಯೂ ಕಂಡಿತು.

ಅವರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಮರುದಿನ ತೊಟ್ಟಿಯ ಕೀಲಿಯನ್ನು ತಮ್ಮಲ್ಲಿ ಇರಿಸಿಕೊಂಡರು. ಬೆಳಿಗ್ಗೆ ಸಂಜೆ ಕಾರಿನ ಮೀಟರಿನ ಅಂಕಿಯನ್ನು ಗುರುತು ಹಾಕಿಕೊಳ್ಳುವಂತೆ ಗುಮಾಸ್ತನಿಗೆ ತಿಳಿಸಿದರು. ಪೆಟ್ರೋಲು ಹಾಕಿಸುವಾಗ ತಾವೂ ಜೊತೆಗೆ ಹೋಗತೊಡಗಿದರು. ಚಾಲಕನೂ ಏನನ್ನೂ ಕೇಳಲಿಲ್ಲ. ಗದಗಿನ ದಾರಿಯಲ್ಲಿ ಮಳೆ, ಬೆಳೆ, ಹೆಸರುಕಾಳಿನ ಧಾರಣೆ ಎಂದು ಮಾತಾಡಿಕೊಳ್ಳುತ್ತಿದ್ದ ಇಬ್ಬರ ನಡುವೆ ಆ ತಿಂಗಳು ಮಾತು ನಿಂತುಹೋಯಿತು.

ಅಷ್ಟಾದರೂ ಲೆಕ್ಕ ಕೂಡಲಿಲ್ಲ. ಕೀಲಿ ತಮ್ಮಲ್ಲಿದ್ದರೂ ಕಾರು 14.6ನ್ನು ಬಿಟ್ಟು ಮೇಲೇಳಲಿಲ್ಲ. ಆಗ ವರ್ತಕರ ಸಂಶಯವು ಪೆಟ್ರೋಲ್ ಬಂಕಿನ ಕಡೆಗೆ ತಿರುಗಿತು. ಗ್ರಾಹಕನು ಕೇಳಿದರೆ ಐದು ಲೀಟರಿನ ಮುದ್ರೆಯೊತ್ತಿದ ಅಳತೆ ಪಾತ್ರೆಯಲ್ಲಿ ಪೆಟ್ರೋಲನ್ನು ಅಳೆದು ತೋರಿಸಬೇಕೆಂಬ ನಿಯಮವಿದೆ. ಬಹುಜನ ಗ್ರಾಹಕರು ಇದನ್ನು ಕೇಳುವುದೇ ಇಲ್ಲ. ವರ್ತಕರು ಕೇಳಿದರು. ಪಾತ್ರೆಯು ಗೆರೆಯವರೆಗೆ ಸರಿಯಾಗಿ ತುಂಬಿತು. ಶೋಧನ ಕಾಗದದ ಮೇಲೆ ಹನಿ ಹಾಕಿ ನೋಡಿದರು, ಕಲೆ ಉಳಿಯಲಿಲ್ಲ. ಸಾಂದ್ರತೆಯೂ ಅಲ್ಲಿ ಬರೆದಿದ್ದ ಅಂಕಿಗೆ ಹೊಂದಿತು. ಬಂಕಿನವರದು ತಪ್ಪಿರಲಿಲ್ಲ.

ಕೊನೆಗೆ ಒಂದು ಭಾನುವಾರ ಚಾಲಕನಿಗೆ ರಜೆ ಕೊಟ್ಟು, ತಮ್ಮ ಸೋದರಳಿಯನಿಂದ ಕಾರು ನಡೆಸಿಸಿದರು. ನಳಿಕೆಯು ತಾನಾಗಿ ನಿಲ್ಲುವವರೆಗೆ ತೊಟ್ಟಿಯನ್ನು ತುಂಬಿಸಿ, ಬೆಳಗಾವಿಗೆ ಹೋಗಿಬಂದು, ಅದೇ ಬಂಕಿನಲ್ಲಿ ಮತ್ತೆ ಅಷ್ಟೇ ತುಂಬಿಸಿದರು. ಊರೊಳಗಿನ ಸುತ್ತಾಟವೂ ಸೇರಿ ಓಡಿದ್ದು 205 ಕಿಲೋಮೀಟರು. ಹಿಡಿಸಿದ್ದು 14 ಲೀಟರು. ಲೀಟರಿಗೆ 14.6. ಅಲ್ಲಿ ಚಾಲಕನೂ ಇರಲಿಲ್ಲ, ಕ್ಯಾನೂ ಇರಲಿಲ್ಲ.

ಹಣ ಕೊಡುತ್ತಿದ್ದ ಹೊತ್ತಿನಲ್ಲಿ ಸೋದರಳಿಯನು ಯಂತ್ರದ ಮೂಲೆಯಲ್ಲಿ ಅಂಟಿಸಿದ್ದ ಬೆರಳುದ್ದದ ಚೀಟಿಯೊಂದನ್ನು ತೋರಿಸಿ, "ಮಾಮಾ, ಇದನ್ನ ನೋಡೀರೇನು?" ಎಂದು ಕೇಳಿದನು. ಅದರ ಮೇಲೆ ಇದ್ದುದು 'ಇ 20' ಎಂಬುದಷ್ಟೇ. ಎಷ್ಟೋ ತಿಂಗಳುಗಳಿಂದ ಅದೇ ಯಂತ್ರದ ಮುಂದೆ ನಿಂತು ಹೋಗಿದ್ದ ವರ್ತಕರ ಕಣ್ಣಿಗೆ ಅದು ಬಿದ್ದಿರಲಿಲ್ಲ, ಬಿದ್ದಿದ್ದರೂ ಅರ್ಥವಾಗುತ್ತಿರಲಿಲ್ಲ.

ನೂರು ಪಾಲು ಇಂಧನದಲ್ಲಿ ಇಪ್ಪತ್ತು ಪಾಲು ಎಥೆನಾಲ್ ಎಂಬುದು ಆ ಚೀಟಿಯ ಅರ್ಥ. ಎಥೆನಾಲ್ ಎಂದರೆ ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳ, ಅಕ್ಕಿ ಮೊದಲಾದವುಗಳನ್ನು ಹುಳಿಯಿಸಿ, ಬಟ್ಟಿಯಿಳಿಸಿ, ನೀರಿನ ಅಂಶವನ್ನು ತೆಗೆದು ಪಡೆಯುವ ಮದ್ಯಸಾರ. ಇದನ್ನು ಪೆಟ್ರೋಲಿಗೆ ಬೆರೆಸುವ ಪ್ರಯೋಗವು ನಮ್ಮ ದೇಶದಲ್ಲಿ 2001ರಲ್ಲಿ ಆರಂಭವಾಯಿತು. 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿಯೂ ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿಯೂ ಶೇಕಡಾ 5ರ ಮಿಶ್ರಣವನ್ನು ಜಾರಿಗೆ ತಂದರು. ಆದರೂ 2014ರಲ್ಲಿ ದೇಶದ ಸರಾಸರಿಯು ಶೇಕಡಾ 1.53ರಷ್ಟೇ ಇತ್ತು. ಅನಂತರದ ವೇಗ ಮಾತ್ರ ಬೇರೆ ತೆರನಾದದ್ದು. 2022ರ ಜೂನ್ ಹೊತ್ತಿಗೆ ಶೇಕಡಾ 10 ಆಯಿತು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಪ್ರಧಾನಿಯವರು ಶೇಕಡಾ 20ರ ಮಿಶ್ರಣವನ್ನು ಬಿಡುಗಡೆ ಮಾಡಿದರು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಈ ಗುರಿಯನ್ನು ದೇಶವು 2025ರಲ್ಲಿಯೇ ಮುಟ್ಟಿತು. ವರ್ತಕರ ವಹಿಯಲ್ಲಿ 15.4, 15.1, 14.6 ಎಂದು ಇಳಿದು ಬಂದ ಅಂಕಿಗಳು ಕಾರಿನ ವಯಸ್ಸಿಗಿಂತ ಹೆಚ್ಚಾಗಿ ಈ ಏರಿಕೆಯ ನೆರಳುಗಳಾಗಿದ್ದವು.

ಇದರ ಕಾರಣವು ಗೂಢವಾದುದೇನಲ್ಲ. ಎಥೆನಾಲಿನ ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಭಾಗ ಆಮ್ಲಜನಕವೇ ಇದೆ. ಆಮ್ಲಜನಕವು ಬೇರೊಂದನ್ನು ಉರಿಸಲು ನೆರವಾಗುವುದೇ ಹೊರತು ತಾನು ಶಾಖ ಕೊಡುವ ಪದಾರ್ಥವಲ್ಲ. ಆದ್ದರಿಂದ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಲೀಟರ್ ಎಥೆನಾಲಿನಲ್ಲಿ ಸುಮಾರು 21 ಮಾತ್ರ. ಒಂದಕ್ಕೆ ನಾಲ್ಕರಂತೆ ಬೆರೆಸಿದಾಗ ಲೀಟರಿಗೆ 30ಕ್ಕಿಂತ ತುಸು ಕಡಿಮೆ ಉಳಿಯುತ್ತದೆ. ಅಂದರೆ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಏಳರಷ್ಟು ಇಳಿತ. ಹೊಸ ಕಾಲದ ಕಾರುಗಳಲ್ಲಿ ಹೊಗೆಯ ಕೊಳವೆಯಲ್ಲಿರುವ ಒಂದು ಉಪಕರಣವು ಆಮ್ಲಜನಕದ ಪ್ರಮಾಣವನ್ನು ಅಳೆದು, ಎಂಜಿನ್ನಿಗೆ ಇನ್ನಷ್ಟು ಇಂಧನವನ್ನು ಸಿಂಪಡಿಸುವಂತೆ ಮಾಡುತ್ತದೆ. ಹೀಗಾಗಿ ನಡೆಸುವವನಿಗೆ ದೋಷವೇನೂ ಗೋಚರಿಸುವುದಿಲ್ಲ. ಕಾರು ಹಿಂದಿನಂತೆಯೇ ಓಡುತ್ತದೆ. ಓಡಲು ಹೆಚ್ಚು ಕುಡಿಯುತ್ತದೆ, ಅಷ್ಟೇ. ಕಾರ್ಬುರೇಟರ್ ಇರುವ ಹಳೆಯ ಸ್ಕೂಟರು, ಮೋಟಾರು ಸೈಕಲುಗಳಿಗೆ ಈ ಅನುಕೂಲವೂ ಇಲ್ಲ.

ಎಥೆನಾಲಿಗೆ ಒಂದು ಒಳ್ಳೆಯ ಗುಣವೂ ಇದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅದರ ಆಕ್ಟೇನ್ ಅಂಕ ಪೆಟ್ರೋಲಿನದಕ್ಕಿಂತ ಬಹಳ ಹೆಚ್ಚು. ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ನು ಕಟಕಟಿಸುವುದನ್ನು ಅದು ತಡೆಯುತ್ತದೆ. ಈ ಗುಣವನ್ನು ಬಳಸಿಕೊಳ್ಳುವಂತೆ, ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುವ ಎಂಜಿನ್ನನ್ನು ಕಟ್ಟಿದರೆ ಕಳೆದುಹೋದುದರಲ್ಲಿ ಒಂದಿಷ್ಟನ್ನು ಮರಳಿ ಪಡೆಯಬಹುದು. 2011ರ ಎಂಜಿನ್ನನ್ನು ಹಾಗೆ ಕಟ್ಟಿರಲಿಲ್ಲ. ವಾಹನದ ಭಾಗಗಳು 2023ರ ಏಪ್ರಿಲ್‌ನಿಂದ ಈ ಇಂಧನವನ್ನು ತಾಳುವಂತಿರಬೇಕು, 2025ರ ಏಪ್ರಿಲ್‌ನಿಂದ ಎಂಜಿನ್ನೇ ಇದಕ್ಕೆ ತಕ್ಕಂತೆ ಶ್ರುತಿಗೊಂಡಿರಬೇಕು ಎಂಬುದು ನೀತಿ ಆಯೋಗದ ಸಮಿತಿ ಹಾಕಿಕೊಟ್ಟ ಕ್ರಮ. ಆದರೆ ಅದಕ್ಕೆ ಮೊದಲು ಮಾರಾಟವಾದ ಕೋಟ್ಯಂತರ ವಾಹನಗಳು ರಸ್ತೆಯ ಮೇಲೆಯೇ ಇವೆ, ಅದೇ ನಳಿಕೆಯ ಮುಂದೆಯೇ ಸರತಿಯಲ್ಲಿ ನಿಲ್ಲುತ್ತವೆ.

ವರ್ತಕರು ಕಾರನ್ನು ತಮ್ಮ ಎಂದಿನ ಮೆಕ್ಯಾನಿಕರಲ್ಲಿಗೆ ಒಯ್ದು ತೋರಿಸಿದರು. ಇಂಧನದ ಒಂದು ರಬ್ಬರ್ ಕೊಳವೆ ಉಬ್ಬಿ ಮೆತ್ತಗಾಗಿತ್ತು. ಎಥೆನಾಲ್ ಕೆಲವು ಜಾತಿಯ ರಬ್ಬರು, ಪ್ಲಾಸ್ಟಿಕ್ಕುಗಳನ್ನು ಹೀಗೆ ಮೆದುಗೊಳಿಸುವುದುಂಟು. ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುವ ಸ್ವಭಾವವೂ ಅದಕ್ಕಿದೆ. ನೀರು ಮಿತಿ ಮೀರಿ ಸೇರಿತೆಂದರೆ ಎಥೆನಾಲು ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಕೂಡಿಕೊಂಡು ತೊಟ್ಟಿಯ ತಳಕ್ಕೆ ಇಳಿಯುತ್ತದೆ. ದಿನವೂ ಓಡುವ ಗಾಡಿಗೆ ಈ ಭಯ ಕಡಿಮೆ. ಮಳೆಗಾಲದುದ್ದಕ್ಕೂ ಶೆಡ್ಡಿನಲ್ಲಿ ನಿಲ್ಲಿಸಿಟ್ಟ ಗಾಡಿಗೆ ಹೆಚ್ಚು. ಹಳೆಯ ತೊಟ್ಟಿಗಳ ಗೋಡೆಗೆ ಅಂಟಿದ್ದ ಕಿಟ್ಟವನ್ನು ಕರಗಿಸಿ ಫಿಲ್ಟರಿಗೆ ತಂದು ತುಂಬುವುದೂ ಇದೇ. ಇಷ್ಟೆಲ್ಲ ಬಲ್ಲ ಮೆಕ್ಯಾನಿಕರು ಕೊಳವೆಯ ವಿಷಯದಲ್ಲಿ ಮಾತ್ರ ದುಡುಕಲಿಲ್ಲ. "ಹದಿನಾಲ್ಕು ವರ್ಷದ ರಬ್ಬರರಿ ಇದು. ಪೆಟ್ರೋಲಿಂದಾನ ಆಗೈತೋ, ವಯಸ್ಸಾಗಿ ಆಗೈತೋ, ನಾ ಆಣಿ ಮಾಡಿ ಹೇಳಂಗಿಲ್ಲ" ಎಂದರು. ಈ ಕಾಲದಲ್ಲಿ ಇಂತಹ ಮಾತು ಅಪರೂಪ. ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ನೀಡಿದ ವಿವರಣೆಯಲ್ಲಿಯೂ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರು ಓಡಿದ ಮೇಲೆ ರಬ್ಬರಿನ ಭಾಗಗಳನ್ನು ಬದಲಿಸಬೇಕಾಗಬಹುದು, ಅದು ದುಬಾರಿಯಾದ ಕೆಲಸವಲ್ಲ ಎಂದು ಒಪ್ಪಿಕೊಳ್ಳಲಾಗಿತ್ತು.

ಇಂಧನದ ಇಳುವರಿ ಕಡಿಮೆಯಾಗುವುದನ್ನೂ ಯಾರೂ ಅಲ್ಲಗಳೆದಿಲ್ಲ. 2021ರ ಜೂನ್‌ನಲ್ಲಿ ಪ್ರಕಟವಾದ ನೀತಿ ಆಯೋಗದ ವರದಿಯಲ್ಲಿಯೇ ಶುದ್ಧ ಪೆಟ್ರೋಲಿಗೆಂದು ರೂಪಿಸಿ ಶೇಕಡಾ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 6ರಿಂದ 7, ಅಂತಹ ದ್ವಿಚಕ್ರ ವಾಹನಗಳಲ್ಲಿ 3ರಿಂದ 4ರಷ್ಟು ಇಳಿತವನ್ನು ಅಂದಾಜು ಮಾಡಿದ್ದರು. ಅಷ್ಟೇ ಅಲ್ಲ, ಈ ನಷ್ಟವು ಗ್ರಾಹಕನಿಗೆ ತಟ್ಟದಂತೆ ತೆರಿಗೆಯ ರಿಯಾಯಿತಿಯನ್ನು ಕೊಟ್ಟು ಮಿಶ್ರಣವನ್ನು ಸಾಮಾನ್ಯ ಪೆಟ್ರೋಲಿಗಿಂತ ಅಗ್ಗವಾಗಿ ಮಾರಬೇಕೆಂಬ ಸಲಹೆಯನ್ನೂ ಅದರಲ್ಲಿಯೇ ಕೊಟ್ಟಿದ್ದರು. ಆ ಸಲಹೆ ಕಾಗದದಲ್ಲಿ ಉಳಿಯಿತು. ವರದಿಯನ್ನು ಬರೆದ ಕಾಲದಲ್ಲಿ ಎಥೆನಾಲು ಪೆಟ್ರೋಲಿಗಿಂತ ಅಗ್ಗವಾಗಿತ್ತು. 2025ರ ಜುಲೈ ಕೊನೆಯ ಹೊತ್ತಿಗೆ ಸಾಗಣೆ ಮತ್ತು ತೆರಿಗೆ ಸೇರಿ ಲೀಟರಿಗೆ ಸರಾಸರಿ 71 ರೂಪಾಯಿ 32 ಪೈಸೆ ಬೀಳುತ್ತಿದ್ದು, ಸಂಸ್ಕರಿಸಿದ ಪೆಟ್ರೋಲಿನ ಬೆಲೆಯನ್ನೂ ಮೀರಿದೆ ಎಂಬುದು ಸಚಿವಾಲಯದ ಉತ್ತರ. ಉತ್ತರ ಸುಳ್ಳಲ್ಲ. ಕೊಂಡವನಿಗೆ ದುಬಾರಿಯಾಯಿತು, ಸರಿ. ಆದರೆ ಅದರ ಭಾರವನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ಗ್ರಾಹಕನೊಡನೆ ಚರ್ಚಿಸದೆ ತೀರ್ಮಾನಿಸಿದ್ದು ಹೇಗೆ?

ಐದು ಲೀಟರೆಂದರೆ 2025ರ ಧಾರಣೆಯಲ್ಲಿ ಐನೂರು ರೂಪಾಯಿ ಚಿಲ್ಲರೆ. ಅಡತಿ ವರ್ತಕರ ಮನೆಯಲ್ಲಿ ಅದು ದೊಡ್ಡ ಮೊತ್ತವಲ್ಲ. ಆದರೆ ಮೋಟಾರು ಸೈಕಲಿನ ಮೇಲೆ ದಿನಕ್ಕೆ ನೂರು ಕಿಲೋಮೀಟರು ಅಲೆದು ಮನೆಮನೆಗೆ ಊಟದ ಪೊಟ್ಟಣ ತಲುಪಿಸುವ ಹುಡುಗನಿಗೆ ಇದೇ ಲೆಕ್ಕದಲ್ಲಿ ತಿಂಗಳಿಗೆ 150ರಿಂದ 200 ರೂಪಾಯಿ ಹೋಗುತ್ತದೆ. ಅವನು ವಹಿ ಬರೆಯುವುದಿಲ್ಲ. ಹೋದದ್ದು ಅವನಿಗೆ ತಿಳಿಯುವುದೂ ಇಲ್ಲ.

ಇಲ್ಲಿ ಶ್ರಾವಕರಿಗೆ ಪರಿಚಿತವಾದ ಒಂದು ವಿಷಯ ನೆನಪಾಗದಿರದು. ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಹೀನಾಧಿಕ ಮಾನೋನ್ಮಾನವನ್ನು, ಎಂದರೆ ಅಳತೆ ತೂಕಗಳ ವಂಚನೆಯನ್ನು, ಒಂದಾಗಿಯೂ ಪ್ರತಿರೂಪಕ ವ್ಯವಹಾರವನ್ನು, ಎಂದರೆ ಒಂದು ಸರಕಿನ ಹೆಸರಿನಲ್ಲಿ ಬೇರೊಂದನ್ನು ಬೆರೆಸಿ ಕೊಡುವುದನ್ನು, ಮತ್ತೊಂದಾಗಿಯೂ ಹೇಳಿದ್ದಾರೆ. ಎರಡೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಅಲ್ಲವೆಂಬುದಕ್ಕೆ ಅಮರಗೋಳದ ವರ್ತಕರ ಪ್ರಕರಣವೇ ಸಾಕ್ಷಿ. ಐದು ಲೀಟರಿನ ಪಾತ್ರೆ ಗೆರೆಯವರೆಗೆ ತುಂಬಿತ್ತು, ಅಳತೆಯಲ್ಲಿ ದೋಷವಿರಲಿಲ್ಲ. ಅಳೆದು ಕೊಟ್ಟ ಸರಕೇ ಹಿಂದಿನದಾಗಿರಲಿಲ್ಲ. ಸರ್ಕಾರದ ಮಿಶ್ರಣವು ಕಾನೂನಿನ ಪ್ರಕಾರ, ಪತ್ರಿಕೆಗಳಲ್ಲಿ ಸಾರಿ ನಡೆದದ್ದು. ಅದನ್ನು ಕಲಬೆರಕೆಯೆಂದು ಕರೆಯುವುದು ಸಲ್ಲದು. ಆದರೆ ಧಾನ್ಯದ ವ್ಯಾಪಾರಿಯು ಸೋನಾ ಮಸೂರಿಯಲ್ಲಿ ಐದರಲ್ಲೊಂದು ಪಾಲು ಬೇರೆ ಅಕ್ಕಿ ಬೆರೆಸಿ, ಚೀಲದ ಮೂಲೆಯಲ್ಲಿ ಬೆರಳುದ್ದದ ಗುರುತು ಹಾಕಿ, ಅದೇ ಹೆಸರು ಅದೇ ಬೆಲೆಯಲ್ಲಿ ಮಾರಿದರೆ ಪ್ರಾಂಗಣದಲ್ಲಿ ಅವನ ಮಾತಿಗೆ ಬೆಲೆ ಉಳಿಯುತ್ತಿರಲಿಲ್ಲ. ಬೆರೆಸಿದ ಅಕ್ಕಿ ದೇಹಕ್ಕೆ ಹಿತವೆಂದು ಅವನು ವಾದಿಸಿದರೂ ಉಳಿಯುತ್ತಿರಲಿಲ್ಲ.

ಬೇರೆ ದೇಶಗಳವರು ಇದನ್ನು ಹೇಗೆ ನಡೆಸಿದರೆಂಬುದನ್ನು ವರ್ತಕರು ಸೋದರಳಿಯನಿಂದ ಹುಡುಕಿಸಿ ಓದಿಸಿಕೊಂಡರು. ಬ್ರೆಜಿಲ್ ದೇಶವು 1975ರಿಂದ ದೊಡ್ಡ ಪ್ರಮಾಣದಲ್ಲಿ ಕಬ್ಬಿನ ಎಥೆನಾಲನ್ನು ವಾಹನಗಳಿಗೆ ಬಳಸುತ್ತ ಬಂದಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿಯ ಪೆಟ್ರೋಲಿನ ಮಿಶ್ರಣವನ್ನು ಶೇಕಡಾ 30ಕ್ಕೆ ಏರಿಸಿದರು. ಅಲ್ಲಿ ಮಿಶ್ರ ಪೆಟ್ರೋಲೂ ಬರಿಯ ಎಥೆನಾಲೂ ಅಕ್ಕಪಕ್ಕದ ನಳಿಕೆಗಳಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತವೆ. ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡುವಂತಹ ಕಾರುಗಳು 2003ರಿಂದ ಅಲ್ಲಿ ಬಂದಿವೆ. ಎಥೆನಾಲಿನ ಬೆಲೆ ಪೆಟ್ರೋಲಿನ ಬೆಲೆಯ ನೂರಕ್ಕೆ ಎಪ್ಪತ್ತರೊಳಗೆ ಇದ್ದರೆ ಅದನ್ನು ಕೊಳ್ಳುವುದು, ಮೀರಿದರೆ ಬಿಡುವುದು ಎಂಬ ಬಾಯಿಲೆಕ್ಕ ಅಲ್ಲಿಯ ಚಾಲಕರಿಗೆ ರೂಢಿಯಾಗಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶೇಕಡಾ 10ರ ಮಿಶ್ರಣ ತಂದಾಗ ಹಳೆಯ ಕಾರುಗಳಿಗಾಗಿ ಶೇಕಡಾ 5ರದನ್ನು ದುಬಾರಿ ದರ್ಜೆಯಲ್ಲಿ ಉಳಿಸಿಕೊಂಡರು. ಅಮೆರಿಕದಲ್ಲಿ ಶೇಕಡಾ 15ರದನ್ನು 2001ಕ್ಕಿಂತ ಹಿಂದಿನ ಮಾದರಿಯ ಕಾರುಗಳಿಗೆ ಹಾಕಕೂಡದೆಂದು ಯಂತ್ರದ ಮೇಲೆಯೇ ಎದ್ದು ಕಾಣುವ ಬಣ್ಣದಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಎಥೆನಾಲಿಲ್ಲದ ಪೆಟ್ರೋಲೂ ಸಿಗಬೇಕು, ಮಿಶ್ರಣದ ಪ್ರಮಾಣವನ್ನು ಸ್ಪಷ್ಟವಾಗಿ ಬರೆಯಬೇಕು ಎಂದು ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಅಥಣಿಯ ಕಡೆ ಕಬ್ಬು ಬೆಳೆಯುವ ವರ್ತಕರ ತಮ್ಮನಿಗೆ ಈ ಕಥೆಯೆಲ್ಲ ಹಿಡಿಸಲಿಲ್ಲ. ಹಬ್ಬಕ್ಕೆಂದು ಬಂದವರು ವಹಿಯನ್ನು ತಿರುವಿ ನೋಡಿ ನಕ್ಕರು. "ಅಣ್ಣಾ, ನಿನಗ ತಿಂಗಳಿಗೆ ಐನೂರು ಹೋಗಿರಬಹುದು. ಮೊದಲ ನನ್ನ ಕಬ್ಬಿನ ಬಿಲ್ಲು ವರ್ಷಗಟ್ಟಲೆ ನಿಲ್ಲತಿತ್ತು. ಕಾರ್ಖಾನಿಯವರು ಎಥೆನಾಲ್ ಮಾರಾಕ ಹತ್ತಿದ ಮ್ಯಾಲ ರೊಕ್ಕ ಲಗೂನ ಬರಾಕತ್ತೈತಿ. ಅರಬರ ದೇಶಕ್ಕ ಹೋಗೋ ರೊಕ್ಕ ಅಥಣಿಗೆ ಬಂದ್ರ ನಿನಗ್ಯಾಕ ಹೊಟ್ಟಿಕಿಚ್ಚು?" ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 2014ರಿಂದ 2025ರ ಜುಲೈವರೆಗೆ ಈ ಕಾರ್ಯಕ್ರಮದಿಂದ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶೀ ವಿನಿಮಯ ಉಳಿದಿದೆಯೆಂಬುದು ಸರ್ಕಾರದ ಲೆಕ್ಕ. ಕಬ್ಬಿಗೆ ಬೇಕಾಗುವ ನೀರಿನ ಮಾತು ಬೇರೆಯೇ ಇದೆ. ಅದನ್ನು ಕೃಷ್ಣಾ ತೀರದ ತಮ್ಮನೊಡನೆ ಎತ್ತಲು ಅಣ್ಣನಿಗೆ ಆ ದಿನ ಮನಸ್ಸಾಗಲಿಲ್ಲ.

ವರ್ತಕರು ಹೇಳಿದ್ದು ಇಷ್ಟೇ: "ನಿನಗ ಬಂದದ್ದಕ್ಕ ನನಗ ಸಂತೋಷ ಐತಿ. ಕೇಳಿದ್ರ ನಾನ ಕೊಡತಿದ್ದೆ. ಕೇಳದ ತೊಗೊಂಡ್ರಲ್ಲ, ಅದಕ್ಕ ನಾ ಇನ್ನೊಬ್ಬನ ಮ್ಯಾಲ ಸಂಶೆ ಪಟ್ಟೆ." ಕೊಟ್ಟದ್ದಕ್ಕೂ ಕೊಡದೆಯೇ ಹೋದದ್ದಕ್ಕೂ ಮೊತ್ತ ಒಂದೇ ಇರಬಹುದು. ದಾನ ಮತ್ತು ಅದತ್ತಾದಾನಗಳ ನಡುವೆ ಇರುವುದು ಮೊತ್ತದ ಅಂತರವಲ್ಲ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ತಮ್ಮನು ಮತ್ತೆ ವಾದಿಸಲಿಲ್ಲ, ಒಪ್ಪಿದಂತೆಯೂ ಕಾಣಲಿಲ್ಲ.

ಚಾಲಕನೊಡನೆ ಮಾತಾಡುವುದು ಇದಕ್ಕಿಂತ ಕಠಿಣವಾಗಿತ್ತು. ಬಾಯಿಬಿಟ್ಟು ಆರೋಪ ಹೊರಿಸಿರಲಿಲ್ಲವಾದ್ದರಿಂದ, ಬಾಯಿಬಿಡದೆ ಕೀಲಿಯನ್ನು ಹಿಂದಿರುಗಿಸಿದರೆ ಸಾಕೆಂದು ವರ್ತಕರಿಗೆ ಮೊದಲು ತೋರಿತು. ಒಂದೆರಡು ದಿನ ಕೀಲಿ ಅವರ ಜೇಬಿನಲ್ಲಿಯೇ ಉಳಿಯಿತು. ಮೂರನೆಯ ದಿನ ಗದಗಿನಿಂದ ಬರುವಾಗ ಅಣ್ಣಿಗೇರಿಯ ಬಳಿ ಚಹಾಕ್ಕೆಂದು ಕಾರು ನಿಲ್ಲಿಸಿಸಿ, ಕೀಲಿಯನ್ನೂ ವಹಿಯನ್ನೂ ಒಟ್ಟಿಗೆ ಅವನ ಮುಂದಿಟ್ಟರು.

"ಐದು ಲೀಟರಿನ ಲೆಕ್ಕ ಹತ್ತಲಿಲ್ಲ. ಮನಸಿನ್ಯಾಗ ನಿನ್ನ ಹೆಸರು ಬಂತು. ತಪ್ಪಾತು."

ಚಾಲಕನು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತಿದ್ದು ಹೇಳಿದನು: "ಗೊತ್ತಿತ್ತರಿ ಸಾವಕಾರ್ರ. ಕೀಲಿ ಇಸಗೊಂಡ ದಿನಾನ ಗೊತ್ತಾತು. ಗಾಡಿ ಹೆಚ್ಚಿಗಿ ಕುಡಿಯಾಕತ್ತೈತಿ ಅಂತ ಯುಗಾದಿ ಮುಂದ ನಾನ ನಿಮಗ ಎರಡು ಸಲ ಹೇಳಿದ್ನಿ."

ಹೇಳಿದ್ದು ನಿಜವಾಗಿತ್ತು. ಆಗ ಕಿವಿಗೆ ಬಿದ್ದು ಮರೆತುಹೋಗಿದ್ದ ಆ ಮಾತುಗಳು ಜುಲೈ ತಿಂಗಳಿನ ಆ ಸಂಜೆ ವರ್ತಕರಿಗೆ ನೆನಪಾಗಿದ್ದವು ಕೂಡ. ಕದಿಯುವವನು ಮುಂಚಿತವಾಗಿಯೇ ಕಟ್ಟಿಟ್ಟುಕೊಂಡ ನೆಪವೆಂದು ಅವರು ಅವನ್ನು ಸಂಶಯದ ಪಟ್ಟಿಗೇ ಸೇರಿಸಿಕೊಂಡಿದ್ದರು. ಇದನ್ನು ಅವರು ಆ ದಿನ ಅವನಿಗೆ ಹೇಳಲಾರದೆ ಹೋದರು.

ರಬ್ಬರಿನ ಕೊಳವೆಯನ್ನು ಬದಲಿಸಿಯಾಗಿದೆ. ಕಾರು ಲೀಟರಿಗೆ 14.6ರ ಆಸುಪಾಸಿನಲ್ಲಿಯೇ ಓಡುತ್ತಿದೆ. ಕೆಂಪು ರಟ್ಟಿನ ವಹಿಯು ಈಗ ಕಾರಿನಲ್ಲಿಯೇ ಇರುತ್ತದೆ. ಅಂಕಿಗಳನ್ನು ಬರೆಯುವವನು ಚಾಲಕ.